ಬೀಗ, ಬೀಗದ ಕೈ ಮತ್ತು ಬಾಣಂತಿಯ ಪ್ರಾಣ

ರಾಯಪುರಂನಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಆರ್.ಎಸ್.ಆರ್.ಎಂ. ಆಸ್ಪತ್ರೆಯ ಹೆಸರನ್ನು ಕೇಳದವರು ಇರಲಾರರು. ರಾಜಾ ಸರ್ ರಾಮಸ್ವಾಮಿ ಮೊದಲಿಯಾರರ ಹೆಸರನ್ನು ಹೊತ್ತು, ಸ್ಟಾನ್ಲಿ ವೈದ್ಯಕೀಯ ಕಾಲೇಜಿಗೆ ಸೇರಿ ನಡೆಯುವ ಸರಕಾರಿ ಹೆರಿಗೆ ಆಸ್ಪತ್ರೆ ಅದು. ಉತ್ತರ ಚೆನ್ನೈಯ ಅದೆಷ್ಟೋ ಮಕ್ಕಳು ಮೊದಲು ಕಣ್ಣು ತೆರೆದದ್ದು ಅಲ್ಲಿ. ಅಂಥ ಯಾವ ಹೆರಿಗೆ ಆಸ್ಪತ್ರೆಯ ಹೊರ ಅಂಗಳದಲ್ಲಾದರೂ ಸರಿ, ಕಾದು ಕುಳಿತ ಹಿರಿಯರ ಮಾತಿಗೆ ಕಿವಿಗೊಟ್ಟರೆ, ಭಾಷೆ ತಮಿಳಾಗಲಿ ತೆಲುಗಾಗಲಿ ಕನ್ನಡವಾಗಲಿ, ಎರಡು ಪಕ್ಷಗಳು ಕಾಣಿಸುತ್ತವೆ. “ಹುಡುಗಿ ಇಷ್ಟು ಹೊತ್ತು ಒದ್ದಾಡುವುದೇಕೆ? ಬೇನೆ ಬರುವ ಸೂಜಿ ಹಾಕಿಬಿಡಬಾರದೆ?” ಎಂಬುದು ಒಂದು ಪಕ್ಷ. “ನಮ್ಮ ಕಾಲದಲ್ಲಿ ಯಾವ ಸೂಜಿ ಇತ್ತು? ನಾವು ಹೆರಲಿಲ್ಲವೆ?” ಎಂಬುದು ಇನ್ನೊಂದು.

ಮೊದಲ ಪಕ್ಷದವರಿಗೆ ಆ ಸೂಜಿಯ ಅಪಾಯ ತಿಳಿಯದು. ಎರಡನೆಯವರಿಗೆ ಅದರ ಉಪಕಾರ ತಿಳಿಯದು. ಎರಡೂ ತಿಳಿಯಬೇಕಾದರೆ, ಔಷಧವೆಂಬುದು ಮೈಯೊಳಗೆ ಹೋಗಿ ಮಾಡುವುದಾದರೂ ಏನು ಎಂಬುದನ್ನು ಮೊದಲು ನೋಡಬೇಕು. ಬಹುಪಾಲು ಔಷಧಗಳಿಗೆ ತಮ್ಮದೇ ಆದ ಬಲವೇನೂ ಇಲ್ಲ. ದೇಹದಲ್ಲಿ ಆಗಲೇ ಮಲಗಿರುವ ಬಲವನ್ನು ಅವು ಎಬ್ಬಿಸುತ್ತವೆ, ಇಲ್ಲವೇ ಎಚ್ಚತ್ತ ಬಲವನ್ನು ಮಲಗಿಸುತ್ತವೆ. ಈ ಮಾತನ್ನು ಹೆರಿಗೆಯ ಔಷಧಗಳಷ್ಟು ಚೆನ್ನಾಗಿ ತೋರಿಸಿಕೊಡುವ ಉದಾಹರಣೆ ಬೇರೊಂದಿಲ್ಲ. ಅದರ ಕಥೆಯಲ್ಲಿ ನಮ್ಮ ಬೆಳಗಾವಿಗೂ ಬೆಂಗಳೂರಿಗೂ ಪಾಲಿದೆಯೆಂಬುದು ಇನ್ನೊಂದು ವಿಶೇಷ.

ಬೀಗ ಮತ್ತು ಬೀಗದ ಕೈ

ನಮ್ಮ ಶರೀರ ಅಸಂಖ್ಯ ಜೀವಕೋಶಗಳ ಕೂಟ. ಪ್ರತಿಯೊಂದು ಕೋಶವೂ ಗೋಡೆ ಕಟ್ಟಿಕೊಂಡ ಮನೆಯಂತೆ. ಹೊರಗಿನ ಸುದ್ದಿ ಒಳಕ್ಕೆ ಹೋಗಬೇಕಾದರೆ ಬಾಗಿಲು ಬೇಕು, ಬಾಗಿಲಿಗೆ ಬೀಗವುಂಟು. ಈ ಬೀಗವನ್ನು ಇಂಗ್ಲಿಷಿನಲ್ಲಿ ರಿಸೆಪ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಗ್ರಾಹಕವೆಂದು ಬರೆಯುವವರುಂಟು. ಆದರೆ ಆ ಮಾತಿಗೆ ಅಂಗಡಿಯ ಗಿರಾಕಿಯೇ ಕಣ್ಣೆದುರು ಬಂದು ನಿಲ್ಲುವುದರಿಂದ ನಾವು ಇಲ್ಲಿ ‘ಗ್ರಾಹಿ’ ಎನ್ನೋಣ. ಗ್ರಾಹಿಯೆಂದರೆ ಬಹುತೇಕ ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ಅದರ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ರಕ್ತದಲ್ಲಿ ತೇಲಿಬರುವ ತಕ್ಕ ಪದಾರ್ಥವೊಂದು ಅದರ ಹೊರಗಿನ ಗೂಡಿನಲ್ಲಿ ಸರಿಯಾಗಿ ಕುಳಿತರೆ ಗ್ರಾಹಿಯ ಮೈ ತುಸು ತಿರುಚಿಕೊಳ್ಳುತ್ತದೆ. ಆ ತಿರುಚು ಒಳತುದಿಗೆ ಮುಟ್ಟಿ, ಕೋಶದೊಳಗೆ ಕೆಲಸ ಆರಂಭವಾಗುತ್ತದೆ. ಪದಾರ್ಥ ಒಳಹೊಕ್ಕು ಏನನ್ನೂ ಮಾಡಬೇಕಾಗಿಲ್ಲ. ಬೀಗದ ಕೈ ಮನೆಯೊಳಗೆ ಬಂದು ಅಡಿಗೆ ಮಾಡುವುದಿಲ್ಲವಷ್ಟೆ!

ಈ ವಿಚಾರ ವಿದ್ವಾಂಸರಿಗೆ ಹೊಳೆದು ನೂರು ವರ್ಷ ಮೀರಿತು. ೧೯೦೫ರಲ್ಲಿ ಕೇಂಬ್ರಿಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಎಂಬ ಪ್ರೊಫೆಸರರು ಕೋಳಿಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿದರು. ಹೊಗೆಸೊಪ್ಪಿನ ಸಾರವಾದ ನಿಕೊಟಿನನ್ನು ಕೊಟ್ಟರೆ ಸ್ನಾಯು ಬಿಗಿಯುತ್ತಿತ್ತು. ದಕ್ಷಿಣ ಅಮೆರಿಕದ ಬೇಡರು ಬಾಣಕ್ಕೆ ಸವರುತ್ತಿದ್ದ ಕುರಾರೆ ಎಂಬ ವಿಷವನ್ನು ಕೊಟ್ಟರೆ ಆ ಬಿಗಿತ ಅಡಗುತ್ತಿತ್ತು. ನರವನ್ನು ಕತ್ತರಿಸಿ ಅದು ಸತ್ತುಹೋದ ಮೇಲೆಯೂ ಈ ಆಟ ಹಾಗೆಯೇ ನಡೆಯಿತು. ಅಂದಮೇಲೆ ಈ ಎರಡು ಪದಾರ್ಥಗಳು ಜಗಳವಾಡುತ್ತಿರುವುದು ನರದಲ್ಲಲ್ಲ. ಸ್ನಾಯುವಿನಲ್ಲಿಯೇ ಅವುಗಳನ್ನು ಬರಮಾಡಿಕೊಳ್ಳುವ ಒಂದು ವಸ್ತು ಇರಬೇಕು ಎಂದು ಲ್ಯಾಂಗ್ಲಿ ತೀರ್ಮಾನಿಸಿದರು. ಜರ್ಮನಿಯ ಪಾಲ್ ಎರ್ಲಿಕ್ ಬೇರೊಂದು ದಾರಿಯಿಂದ ನಡೆದು ಇದೇ ವಿಚಾರಕ್ಕೆ ಬಂದಿದ್ದರು. ಅಂದು ಬರಿಯ ಊಹೆಯಾಗಿದ್ದುದು ಮುಂದೆ ನಿಜವಾಯಿತು. ಇಂಥ ಗ್ರಾಹಿಗಳ ಒಂದು ದೊಡ್ಡ ವಂಶದ ಗುಟ್ಟನ್ನು ಬಿಡಿಸಿದ್ದಕ್ಕಾಗಿ ೨೦೧೨ರಲ್ಲಿ ಅಮೆರಿಕದ ರಾಬರ್ಟ್ ಲೆಫ್ಕೊವಿಟ್ಸ್ ಮತ್ತು ಬ್ರಯನ್ ಕೊಬಿಲ್ಕ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಬೀಗಕ್ಕೆ ಹೊಂದಿಕೊಂಡು ಅದನ್ನು ತೆರೆಯುವ ಪದಾರ್ಥಕ್ಕೆ ಅಗೊನಿಸ್ಟ್ ಎಂದು ಹೆಸರು. ಹೊಂದಿಕೊಂಡೂ ಅರ್ಧಕ್ಕೇ ತಿರುಗಿ ನಿಲ್ಲುವ ಕೈಗಳೂ ಉಂಟು. ಅವು ಅರೆ ಅಗೊನಿಸ್ಟುಗಳು. ಇನ್ನು ಕೆಲವು ಬೀಗದ ಕಂಡಿಯಲ್ಲಿ ಸಿಕ್ಕಿಕೊಂಡು, ತಾವೂ ತಿರುಗದೆ ಸರಿಯಾದ ಕೈಗೂ ಎಡೆಗೊಡದೆ ಕುಳಿತುಬಿಡುತ್ತವೆ. ಇವಕ್ಕೆ ಆಂಟಗೊನಿಸ್ಟ್ ಎನ್ನುವರು. ಲ್ಯಾಂಗ್ಲಿಯವರ ಕುರಾರೆ ಈ ಜಾತಿಯದು.

ಇವಲ್ಲದೆ ಆಕ್ಟಿವೇಟರ್ ಎಂಬ ಇನ್ನೊಂದು ವರ್ಗವಿದೆ. ಇವು ಬಾಗಿಲಿನ ಬೀಗದ ಗೊಡವೆಗೇ ಹೋಗದೆ, ಮನೆಯೊಳಗಿನ ಕೆಲಸಗಾರನನ್ನೇ ನೇರವಾಗಿ ಎಬ್ಬಿಸುತ್ತವೆ. ಎದೆನೋವಿನವರು ನಾಲಗೆಯ ಕೆಳಗಿಟ್ಟುಕೊಳ್ಳುವ ನೈಟ್ರೊಗ್ಲಿಸರಿನ್ ಮಾತ್ರೆಯನ್ನು ನೋಡಿರಿ. ಅದರಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ರಕ್ತನಾಳದ ಕೋಶಗಳೊಳಕ್ಕೆ ನುಸುಳಿ, ಅಲ್ಲಿರುವ ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ನಾಳ ಸಡಿಲವಾಗುತ್ತದೆ, ಹೃದಯದ ಭಾರ ಇಳಿಯುತ್ತದೆ. ನೈಟ್ರಿಕ್ ಆಕ್ಸೈಡು ದೇಹದಲ್ಲಿ ಸುದ್ದಿಗಾರನಂತೆ ದುಡಿಯುವುದನ್ನು ಕಂಡುಹಿಡಿದ ಮೂವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅಗೊನಿಸ್ಟು ಬಾಗಿಲು ತೆರೆದು ಕೆಲಸ ಮಾಡಿಸುತ್ತದೆ, ಆಕ್ಟಿವೇಟರು ಕೆಲಸಗಾರನ ಭುಜ ಹಿಡಿದು ಅಲ್ಲಾಡಿಸುತ್ತದೆ. ಬಲ ಮಾತ್ರ ಎರಡು ಕಡೆಯೂ ದೇಹದ್ದೇ.

ಪ್ರಯೋಗಶಾಲೆಯಲ್ಲಿ ಅಳೆಯುವ ಬಗೆ

ಒಂದು ಪದಾರ್ಥ ಎಷ್ಟರ ಮಟ್ಟಿನ ಅಗೊನಿಸ್ಟು ಎಂದು ಹೇಗೆ ತಿಳಿಯುತ್ತಾರೆ? ಹಳೆಯ ವಿಧಾನ ಬಹಳ ಸರಳ. ಇಲಿಯ ಗರ್ಭಕೋಶದ ಒಂದು ಸಣ್ಣ ಪಟ್ಟಿಯನ್ನು, ಉಪ್ಪು ಸಕ್ಕರೆಗಳಿರುವ ಬೆಚ್ಚನೆಯ ದ್ರವದಲ್ಲಿ, ಆಮ್ಲಜನಕದ ಗುಳ್ಳೆ ಹಾಯಿಸುತ್ತ ತೂಗಹಾಕುವರು. ಪಟ್ಟಿಯ ಮೇಲ್ತುದಿಗೆ ದಾರ ಕಟ್ಟಿ, ದಾರವನ್ನು ಒಂದು ಕಡ್ಡಿಗೆ ಬಿಗಿಯುವರು. ಕಾಡಿಗೆ ಹಿಡಿಸಿದ ಕಾಗದ ಸುತ್ತಿದ ಉರುಳೆಯೊಂದು ಮೆಲ್ಲಗೆ ತಿರುಗುತ್ತಿರುತ್ತದೆ. ಔಷಧದ ತೊಟ್ಟು ಬಿದ್ದೊಡನೆ ಪಟ್ಟಿ ಬಿಗಿದು, ಕಡ್ಡಿ ಮೇಲೆದ್ದು ಕಾಡಿಗೆಯ ಮೇಲೆ ಬಿಳಿಯ ಗೆರೆ ಗೀಚುತ್ತದೆ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಓದಿದ ಹಿಂದಿನ ತಲೆಮಾರಿನ ಡಾಕ್ಟರರೆಲ್ಲ ಈ ಕಾಡಿಗೆಯನ್ನು ಕೈಗೆ ಬಳಿದುಕೊಂಡವರೇ. ಈಗ ಉರುಳೆಯ ಜಾಗಕ್ಕೆ ವಿದ್ಯುತ್ ಯಂತ್ರಗಳೂ ಕಂಪ್ಯೂಟರುಗಳೂ ಬಂದಿವೆ. ಮನುಷ್ಯನ ಗ್ರಾಹಿಯನ್ನೇ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ನಾಟಿಸಿ, ಒಳಗೆ ಕ್ಯಾಲ್ಸಿಯಂ ಏರಿದೊಡನೆ ಹೊಳೆಯುವ ಬಣ್ಣವನ್ನು ನೋಡಿ ಅಳೆಯುತ್ತಾರೆ.

ಔಷಧವನ್ನು ಹಂತ ಹಂತವಾಗಿ ಹೆಚ್ಚಿಸುತ್ತ ಹೋದರೆ ಫಲವೂ ಏರುತ್ತದೆ. ಆದರೆ ಒಂದು ಮಟ್ಟ ಮುಟ್ಟಿದ ಮೇಲೆ ಎಷ್ಟು ಸುರಿದರೂ ಗೆರೆ ಮೇಲೇಳುವುದಿಲ್ಲ. ಇಲ್ಲಿ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡಬೇಕು. ಅರ್ಧ ಫಲ ಬರಲು ಎಷ್ಟು ಔಷಧ ಬೇಕು ಎಂಬುದು ಒಂದು. ಕಟ್ಟಕಡೆಗೆ ಎಷ್ಟು ಫಲ ಬಂದೀತು ಎಂಬುದು ಮತ್ತೊಂದು. ತುಸುವೇ ಸಾಕೆನ್ನುವ ಔಷಧವೆಲ್ಲ ಹೆಚ್ಚು ಕೆಲಸ ಮಾಡುವುದೆಂದಿಲ್ಲ. ಒಂದು ಸೂಜಿಗೆ ಗುಣ ಬಂದರೆ ಎರಡು ಸೂಜಿಗೆ ಎರಡರಷ್ಟು ಗುಣ ಬರುವುದೆಂದು ನಂಬುವವರು ಈ ಗೆರೆಯನ್ನು ಒಮ್ಮೆ ನೋಡಬೇಕು.

ಜೀವಂತ ಗಂಟು

ಈಗ ಹೆರಿಗೆಯ ಕೋಣೆಗೆ ಬರೋಣ. ೧೯೦೬ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬವರು, ಮಿದುಳಿನ ಬುಡದಲ್ಲಿ ಕಡಲೆಯ ಗಾತ್ರದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಹಿಂಭಾಗದ ಸಾರವನ್ನು ಕೊಟ್ಟಾಗ ಬಸಿರಾದ ಬೆಕ್ಕಿನ ಗರ್ಭಕೋಶ ಬಲವಾಗಿ ಬಿಗಿಯುವುದನ್ನು ಕಂಡರು. ಆ ಸಾರದಲ್ಲಿದ್ದ ಪದಾರ್ಥವೇ ಆಕ್ಸಿಟೋಸಿನ್. ಒಂಬತ್ತು ಅಮೈನೊ ಆಮ್ಲಗಳ ಈ ಪುಟ್ಟ ಸರವನ್ನು ಅಮೆರಿಕದ ವಿನ್ಸೆಂಟ್ ದು ವಿನ್ಯೋ ೧೯೫೩ರಲ್ಲಿ ಪ್ರಯೋಗಶಾಲೆಯಲ್ಲಿಯೇ ಪೋಣಿಸಿ ತೋರಿಸಿದರು; ೧೯೫೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಅಂದಿನಿಂದ ಪ್ರಾಣಿಗಳ ಗ್ರಂಥಿಯ ಹಂಗಿಲ್ಲದೆ ಈ ಔಷಧ ದೊರೆಯತೊಡಗಿತು.

ಗರ್ಭಕೋಶದ ಸ್ನಾಯುವಿನ ಮೇಲೆ ಆಕ್ಸಿಟೋಸಿನ್ನಿಗೆಂದೇ ಗ್ರಾಹಿಗಳಿವೆ. ಬೀಗ ತಿರುಗಿದಾಗ ಒಳಗೆ ಒಂದರಿಂದ ಒಂದಕ್ಕೆ ಸುದ್ದಿ ಸಾಗಿ, ಕೋಶದ ಉಗ್ರಾಣದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಬೀಳುತ್ತದೆ; ಕ್ಯಾಲ್ಸಿಯಂ ಏರಿದೊಡನೆ ಸ್ನಾಯುವಿನ ಎಳೆಗಳು ಒಂದರ ಮೇಲೊಂದು ಜಾರಿ ಬಿಗಿಯುತ್ತವೆ. ಇದೇ ಬೇನೆ. ಮಗುವನ್ನು ಹೊರದೂಡುವುದು ಈ ಬಿಗಿತವೇ. ಆದರೆ ಅದರ ಅತಿ ದೊಡ್ಡ ಉಪಕಾರ ಇರುವುದು ಮಗು ಹುಟ್ಟಿದ ಮೇಲೆ.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ೫೦೦ರಿಂದ ೭೦೦ ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಬಿದ್ದಾಗ ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿಗಳು ತೆರೆದೇ ಇರುತ್ತವೆ. ಅವುಗಳನ್ನು ಮುಚ್ಚುವವರು ಯಾರು? ಗರ್ಭಕೋಶದ ಸ್ನಾಯುವಿನ ಎಳೆಗಳು ಅಡ್ಡಡ್ಡ ನೇಯ್ದ ಬಲೆಯಂತಿವೆ, ನಾಳಗಳು ಆ ಬಲೆಯ ಕಣ್ಣುಗಳಲ್ಲಿ ಹಾದು ಬರುತ್ತವೆ. ಬಲೆ ಬಿಗಿದರೆ ನಾಳಗಳೆಲ್ಲ ಹಿಸುಕಿ ಮುಚ್ಚಿಹೋಗುತ್ತವೆ. ಡಾಕ್ಟರರು ಇದನ್ನು ಜೀವಂತ ಗಂಟು ಎನ್ನುವುದುಂಟು. ಬಲೆ ಸಡಿಲವಾಗಿಯೇ ಉಳಿದರೆ ಕೆಲವೇ ನಿಮಿಷಗಳಲ್ಲಿ ತಾಯಿಯ ಪ್ರಾಣ ಹರಿದುಹೋದೀತು. ಅರ್ಧ ಲೀಟರಿಗೂ ಮೀರಿ ರಕ್ತ ಹೋದರೆ ಅದು ಹೆರಿಗೆಯ ನಂತರದ ರಕ್ತಸ್ರಾವವೆಂದು ಲೆಕ್ಕ. ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ಮುಖ್ಯ ಕಾರಣಗಳಲ್ಲಿ ಇದು ಮುಂದಿನ ಸಾಲಿನದು. ೨೦೧೮–೨೦ರ ಸರಕಾರಿ ಗಣನೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ ೯೭, ಕರ್ನಾಟಕದಲ್ಲಿ ೬೯, ತಮಿಳುನಾಡಿನಲ್ಲಿ ೫೪ ತಾಯಂದಿರು ತೀರಿಕೊಂಡರು.

ಆದಕಾರಣವೇ ಮಗು ಹೊರಬಂದೊಡನೆ ತಾಯಿಗೆ ೧೦ ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೊಡೆಗೆ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಗಂಟು ಬಿಗಿಯುತ್ತದೆ. “ಹೆರಿಗೆಯೇ ಆಯಿತಲ್ಲ, ಇನ್ನೇಕೆ ಸೂಜಿ?” ಎಂದು ಕೇಳುವ ಹಿರಿಯರಿಗೆ ಉತ್ತರ ಇದೇ.

ಬೀಗವೂ ಸಿದ್ಧವಾಗಿರಬೇಕು

ಹಾಗಾದರೆ ಮೊದಲೇ ಹಾಕಿಸಿ ಬೇನೆಯನ್ನು ತರಿಸಿಕೊಳ್ಳಬಾರದೆ? ಇಲ್ಲಿಯೇ ಎಚ್ಚರ ಬೇಕಾದುದು. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದಲ್ಲಿ ಆಕ್ಸಿಟೋಸಿನ್ನಿನ ಗ್ರಾಹಿಗಳು ಕಡಮೆ. ದಿನ ತುಂಬುತ್ತ ಬಂದಂತೆ ಅವು ಹಲವು ಪಟ್ಟು ಹೆಚ್ಚುತ್ತವೆ. ಬೀಗವೇ ಇಲ್ಲದ ಗೋಡೆಗೆ ಕೈ ತಿರುವಿ ಫಲವೇನು? ಬೀಗಗಳು ತುಂಬಿರುವಾಗಲಾದರೋ, ತುಸು ಹೆಚ್ಚಾದರೂ ಬೇನೆ ಬಿಡುವಿಲ್ಲದೆ ಬಂದೀತು. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿಯೇ ಮಗುವಿಗೆ ರಕ್ತವೂ ಉಸಿರೂ ಸಿಕ್ಕುವುದು. ಬಿಡುವು ಹೋದರೆ ಮಗು ಸೊರಗುತ್ತದೆ; ಗರ್ಭಕೋಶ ಬಿರಿಯುವ ಅಪಾಯವೂ ಉಂಟು. ಹಿಂದೆ ಸಿಸೇರಿಯನ್ ಆದವರಲ್ಲಿ, ಹಳೆಯ ಹೊಲಿಗೆಯ ಜಾಗದಲ್ಲಿ ಈ ಭಯ ಇನ್ನೂ ಹೆಚ್ಚು. ಅದಕ್ಕಾಗಿಯೇ ಬೇನೆ ಬರಿಸಬೇಕಾದಾಗ ಡಾಕ್ಟರರು ಅದನ್ನು ಒಮ್ಮೆಗೇ ಚುಚ್ಚದೆ, ಡ್ರಿಪ್ಪಿನಲ್ಲಿ ಸೇರಿಸಿ ತೊಟ್ಟು ತೊಟ್ಟಾಗಿ, ಮಗುವಿನ ಎದೆಬಡಿತವನ್ನು ಎಣಿಸುತ್ತ ಕೊಡುವುದು.

ಇನ್ನೊಂದು ಸೂಕ್ಷ್ಮವಿದೆ. ಒಂದೇ ಬಾಗಿಲನ್ನು ಗಂಟೆಗಟ್ಟಲೆ ತಟ್ಟುತ್ತಿದ್ದರೆ ಮನೆಯವರು ಬೇಸತ್ತು ಓಗೊಡುವುದನ್ನೇ ನಿಲ್ಲಿಸುವುದಿಲ್ಲವೆ? ಗ್ರಾಹಿಗಳ ಸ್ವಭಾವವೂ ಅದೇ. ಅಗೊನಿಸ್ಟು ಬಹಳ ಹೊತ್ತು ಕುಳಿತಿದ್ದರೆ ಕೋಶವು ಆ ಗ್ರಾಹಿಗಳಿಗೆ ಅಡ್ಡಗೋಲು ಹಾಕುತ್ತದೆ, ಅಥವಾ ಅವನ್ನು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ದೀರ್ಘಕಾಲ ಡ್ರಿಪ್ಪಿನಲ್ಲಿ ಆಕ್ಸಿಟೋಸಿನ್ ಪಡೆದ ತಾಯಿಯ ಗರ್ಭಕೋಶ, ಮಗು ಹುಟ್ಟಿದ ಮೇಲೆ, ಅದರ ಬಿಗಿತ ನಿಜವಾಗಿ ಬೇಕಾದ ಹೊತ್ತಿಗೆ, ಅದೇ ಔಷಧಕ್ಕೆ ಸರಿಯಾಗಿ ಓಗೊಡದಿರಬಹುದು. ಅವಸರಕ್ಕೆ ಖರ್ಚು ಮಾಡಿದ ಹಣ ಆಪತ್ತಿಗೆ ಇಲ್ಲದಂತಾಯಿತು!

ನೆರೆಮನೆಯ ಬೀಗಗಳ ಮಾತೂ ಉಂಟು. ದೇಹದಲ್ಲಿ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಆಕ್ಸಿಟೋಸಿನ್ನಿನ ಒಡಹುಟ್ಟಿನಂತಿದೆ. ಒಂಬತ್ತು ಮಣಿಗಳಲ್ಲಿ ಎರಡು ಮಾತ್ರ ಬೇರೆ. ಆದುದರಿಂದ ಆಕ್ಸಿಟೋಸಿನ್ ಅತಿಯಾದರೆ ವ್ಯಾಸೊಪ್ರೆಸಿನ್ನಿನ ಬೀಗವನ್ನೂ ತಿರುವಿ, ಮೈಯಲ್ಲಿ ನೀರು ನಿಲ್ಲಿಸಿ, ರಕ್ತದ ಉಪ್ಪಿನಂಶವನ್ನು ಕುಗ್ಗಿಸಬಲ್ಲದು. ಬೇನೆ ಅಕಾಲದಲ್ಲಿ ಬಂದಾಗ ಅದನ್ನು ತಡೆಯಲು ಅಟೊಸಿಬಾನ್ ಎಂಬ ಔಷಧವೂ ಇದೆ. ಅದು ಇದೇ ಬೀಗದ ಕಂಡಿಯನ್ನು ಮುಚ್ಚಿ ಕೂರುವ ಆಂಟಗೊನಿಸ್ಟು.

ಬೆಳಗಾವಿಯ ಹಳ್ಳಿಗಳಲ್ಲಿ

ಗರ್ಭಕೋಶಕ್ಕೆ ಬೀಗ ಒಂದೇ ಅಲ್ಲ. ರೈ ಎಂಬ ಧಾನ್ಯಕ್ಕೆ ಹಿಡಿಯುವ ಎರ್ಗಟ್ ಬೂಜಿನಿಂದ ೧೯೩೫ರಲ್ಲಿ ಲಂಡನ್ನಿನಲ್ಲಿ ಡಡ್ಲಿ ಮತ್ತು ಮೊಯಿರ್ ಬೇರ್ಪಡಿಸಿದ ಎರ್ಗೊಮೆಟ್ರಿನ್ ಬೇರೆ ಗ್ರಾಹಿಗಳ ಮೂಲಕ ಅದೇ ಸ್ನಾಯುವನ್ನು ಬಿಗಿಯುತ್ತದೆ. ಆದರೆ ಆ ಗ್ರಾಹಿಗಳು ರಕ್ತನಾಳಗಳಲ್ಲಿಯೂ ಇರುವುದರಿಂದ ರಕ್ತದೊತ್ತಡ ಏರುತ್ತದೆ. ಒತ್ತಡದ ಕಾಯಿಲೆಯಿರುವ ಬಾಣಂತಿಗೆ ಅದು ಸಲ್ಲದು. ಕಾರ್ಬೊಪ್ರೋಸ್ಟ್ ಎಂಬ ಮತ್ತೊಂದು ಸೂಜಿಮದ್ದು ಶ್ವಾಸನಾಳವನ್ನೂ ಬಿಗಿಯುವುದರಿಂದ ಉಬ್ಬಸದವರಿಗೆ ಆಗದು. ಒಂದೇ ಬೀಗದ ಕೈ ಬೇರೆ ಮನೆಯ ಬಾಗಿಲನ್ನೂ ತೆರೆಯುವುದೇ ಔಷಧಗಳ ಅಡ್ಡ ಪರಿಣಾಮಕ್ಕೆ ಒಂದು ದೊಡ್ಡ ಕಾರಣ.

ಪ್ರೋಸ್ಟಗ್ಲಾಂಡಿನ್ ಎಂಬ ದೇಹಜ ಪದಾರ್ಥದ ಗ್ರಾಹಿಗಳನ್ನು ತೆರೆಯುವ ಮಿಸೊಪ್ರೊಸ್ಟಾಲ್ ಎಂಬುದು ಮಾತ್ರೆ. ಸೂಜಿ ಬೇಡ, ಮಂಜಿನ ಪೆಟ್ಟಿಗೆ ಬೇಡ. ಹಾಗಾದರೆ ಡಾಕ್ಟರರಿಲ್ಲದ ಹಳ್ಳಿಯಲ್ಲಿ ಇದು ತಾಯಂದಿರನ್ನು ಕಾದೀತೆ? ಈ ಪ್ರಶ್ನೆಗೆ ಜಗತ್ತಿಗೆ ಉತ್ತರ ಕೊಟ್ಟವುಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳು ಮುಖ್ಯವಾದವು. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ವಿದ್ವಾಂಸರ ಜತೆಗೂಡಿ ೨೦೦೨ರ ಸೆಪ್ಟೆಂಬರಿನಿಂದ ೨೦೦೫ರ ಡಿಸೆಂಬರಿನವರೆಗೆ ಒಂದು ಪರೀಕ್ಷೆ ನಡೆಸಿದರು. ೧,೬೨೦ ತಾಯಂದಿರಲ್ಲಿ ೮೧೨ ಮಂದಿಗೆ ಮಗು ಹುಟ್ಟಿದ ಮೇಲೆ ಮಿಸೊಪ್ರೊಸ್ಟಾಲ್, ೮೦೮ ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಹೋದ ರಕ್ತವನ್ನು ಅಳೆದವರು ೨೫ ಮಂದಿ ಸಹಾಯಕ ದಾದಿಯರು.

ಫಲಿತಾಂಶ ೨೦೦೬ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಸಿಮಾತ್ರೆಯವರಲ್ಲಿ ನೂರಕ್ಕೆ ೧೨ ಮಂದಿಗೆ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ೬.೪ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ನೂರಕ್ಕೆ ೧.೨ರಿಂದ ೦.೨ಕ್ಕೆ ಬಂದಿತ್ತು. ಹದಿನೆಂಟು ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುವುದೆಂದು ಲೆಕ್ಕ ಬಂತು. ಕೆಲವರಿಗೆ ಚಳಿ, ಜ್ವರ ಬಂದು ಹೋದುದುಂಟು. ಈ ಬಗೆಯ ಪುರಾವೆಗಳ ಆಧಾರದ ಮೇಲೆ ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ದೊರೆಯದ ಕಡೆ ರಕ್ತಸ್ರಾವ ತಡೆಯಲೆಂದು ಮಿಸೊಪ್ರೊಸ್ಟಾಲನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೊಲಗದ್ದೆಗಳ ನಡುವೆ ಬ್ಯಾಗು ಹೊತ್ತು ನಡೆದ ನಮ್ಮ ಕನ್ನಡನಾಡಿನ ದಾದಿಯರು ಅಳೆದಿಟ್ಟ ಲೆಕ್ಕ ದೇಶದೇಶಗಳ ತಾಯಂದಿರಿಗೆ ಒದಗಿತೆಂಬುದು ದೂರದೂರಿನಲ್ಲಿರುವ ನಮಗೆಲ್ಲ ಹೆಮ್ಮೆಯ ಮಾತು.

ಬಿಸಿಲಿನ ಹಗೆತನ

ಆಕ್ಸಿಟೋಸಿನ್ನಿಗೆ ಬಿಸಿಲು ಆಗದು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಅದನ್ನು ಇಡಬೇಕು. ಕಾಸಿಮೇಡಿನ ಬಂದರಿನಲ್ಲಿ ಮೀನಿಗೆ ಮಂಜುಗಡ್ಡೆ ತಪ್ಪಿದರೆ ಮೂಗಿಗೆ ತಿಳಿಯುತ್ತದೆ. ಔಷಧಕ್ಕೆ ತಂಪು ತಪ್ಪಿದರೆ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಸೂಜಿ ಹಾಕಿದ್ದಾಯಿತೆಂದು ನಂಬಿ ಕುಳಿತಿರುವಾಗ ಬೀಗದ ಕೈಯೇ ಸವೆದುಹೋಗಿರುತ್ತದೆ. ಈ ತೊಂದರೆಗೆ ಪರಿಹಾರವಾಗಿ, ಆಕ್ಸಿಟೋಸಿನ್ನಿನ ಮೈಯನ್ನು ತುಸು ತಿದ್ದಿ ಮಾಡಿದ ಕಾರ್ಬೆಟೋಸಿನ್ನಿಗೆ ಶಾಖವನ್ನು ತಾಳುವ ರೂಪ ಕೊಟ್ಟರು. ಮೂವತ್ತು ಡಿಗ್ರಿಯಲ್ಲಿಯೂ ಮೂರು ವರ್ಷ ಕೆಡದು. ಭಾರತವೂ ಸೇರಿದಂತೆ ಹತ್ತು ದೇಶಗಳ ೨೯,೬೪೫ ತಾಯಂದಿರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ವರದಿ ೨೦೧೮ರಲ್ಲಿ ಹೊರಬಂತು. ಅರ್ಧ ಲೀಟರು ಮೀರಿದ ರಕ್ತಸ್ರಾವವನ್ನು ತಡೆಯುವುದರಲ್ಲಿ ಅದು ಆಕ್ಸಿಟೋಸಿನ್ನಿಗೆ ಕಡಮೆಯಲ್ಲವೆಂದು ಕಂಡುಬಂತು.

ಹಸು, ಕರು, ಕಾಯಿದೆ

ಇದೇ ೨೦೧೮ರಲ್ಲಿ ಆಕ್ಸಿಟೋಸಿನ್ನಿನ ಹೆಸರು ನ್ಯಾಯಾಲಯದ ಮೆಟ್ಟಿಲೇರಿತು. ಅದಕ್ಕೆ ಕಾರಣ ಹಸು. ಕರು ಬಾಯಿ ಹಾಕಿದೊಡನೆ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಇಳಿದು, ಕೆಚ್ಚಲಿನ ಹಾಲಿನ ಗೂಡುಗಳ ಸುತ್ತಲಿನ ಕೋಶಗಳನ್ನು ಬಿಗಿದು ಹಾಲಿಳಿಸುತ್ತದೆ. ಕೆಲವರು ಕರುವಿನ ಕೆಲಸವನ್ನು ಸೂಜಿಗೆ ವಹಿಸಿ ಹೊತ್ತುಹೊತ್ತಿಗೂ ಹಸುವಿಗೆ ಚುಚ್ಚತೊಡಗಿದರು. ಈ ಔಷಧ ಇರುವ ಹಾಲನ್ನು ಇಳಿಸುತ್ತದೆಯೇ ಹೊರತು ಇಲ್ಲದ ಹಾಲನ್ನು ಹುಟ್ಟಿಸುವುದಿಲ್ಲ. ಇಂಥ ಹಿಂಸೆಗೆ ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿಯೇ ಶಿಕ್ಷೆ ಹೇಳಿದೆ.

ದುರುಪಯೋಗವನ್ನು ನಿಲ್ಲಿಸಲೆಂದು ಕೇಂದ್ರ ಸರಕಾರ ೨೦೧೮ರ ಏಪ್ರಿಲಿನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ಖಾಸಗಿ ಕಂಪನಿಗಳು ದೇಶದೊಳಗಿನ ಮಾರಾಟಕ್ಕೆ ಆಕ್ಸಿಟೋಸಿನ್ ತಯಾರಿಸಬಾರದು. ಬೆಂಗಳೂರಿನ ಸರಕಾರಿ ಉದ್ಯಮವಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ದೇಶಕ್ಕೆಲ್ಲ ಒದಗಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಹಸುವಿಗೆ ಕರುಣೆ ತೋರಹೊರಟು ಬಾಣಂತಿಗೆ ಕೊರತೆಯಾದರೆ ಗತಿಯೇನು ಎಂದು ಡಾಕ್ಟರರೂ ಆರೋಗ್ಯ ಕಾರ್ಯಕರ್ತರೂ ಕೇಳಿದರು. ಒಂದೇ ಕಾರ್ಖಾನೆಯನ್ನು ನೆಚ್ಚಿ ಇಷ್ಟು ದೊಡ್ಡ ದೇಶ ಕೂರಬಹುದೆ? ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆ ಅಧಿಸೂಚನೆಯನ್ನು ರದ್ದುಮಾಡಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ೨೦೧೯ರಲ್ಲಿ ಹೆಚ್ಚು ನ್ಯಾಯಮೂರ್ತಿಗಳ ಪೀಠದ ಮುಂದಿಡಬೇಕೆಂದು ಆದೇಶವಾಯಿತು. ಬೀಗದ ಕೈ ಒಂದೇ. ಕದಿಯುವವನ ಕೈಗೆ ಸಿಕ್ಕಬಾರದು, ಮನೆಯವಳ ಕೈಗೆ ತಪ್ಪಬಾರದು. ಇವೆರಡನ್ನೂ ಸರಿದೂಗಿಸುವುದು ಕಾಯಿದೆ ಬರೆಯುವವರಿಗೂ ಸುಲಭವಲ್ಲ.

ಮನೆಯವರು ಮಾಡಬಹುದಾದದ್ದು

ಇಷ್ಟೆಲ್ಲ ತಿಳಿದುಕೊಂಡು ಮನೆಯವರು ಡಾಕ್ಟರರಾಗಬೇಕಾಗಿಲ್ಲ. ಕೆಲವು ವಿಚಾರಗಳನ್ನು ನೆನಪಿಟ್ಟರೆ ಸಾಕು. ಬೇನೆ ಬೇಗ ಬರಲಿ ಎಂದು ಸೂಜಿಗಾಗಿ ಒತ್ತಾಯ ಮಾಡಬಾರದು. ಮನೆಯಲ್ಲಿಯೋ, ನೋಡಿಕೊಳ್ಳುವವರಿಲ್ಲದ ಕಡೆಯೋ ಅದನ್ನು ಹಾಕಿಸಲೇಬಾರದು. ಮಗು ಹುಟ್ಟಿದ ಮೇಲೆ ಕೊಡುವ ಸೂಜಿಯನ್ನು ಬೇಡವೆನ್ನಲೂಬಾರದು. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬರುವುದೂ, ಆಕೆಯ ಜತೆಗೆ ಊರಿನಿಂದ ಅಜ್ಜಿಯೋ ಚಿಕ್ಕಮ್ಮನೋ ಬರುವುದೂ ನಮ್ಮಲ್ಲಿ ವಾಡಿಕೆ. ಹಾಗೆ ಬಂದವರಿಗೆ ತಮಿಳು ಬಾರದು; ಅವಸರದಲ್ಲಿ ದಾದಿ ಕೇಳಿದ್ದು ಅವರಿಗೂ, ಅವರು ಹೇಳಿದ್ದು ದಾದಿಗೂ ತಿಳಿಯದು. ಆದುದರಿಂದ ರಕ್ತದೊತ್ತಡ, ಉಬ್ಬಸ, ಹೃದಯದ ಕಾಯಿಲೆ, ಹಿಂದಿನ ಸಿಸೇರಿಯನ್, ಹಿಂದಿನ ಹೆರಿಗೆಯಲ್ಲಿ ಹೆಚ್ಚು ರಕ್ತ ಹೋದದ್ದು ಏನಿದ್ದರೂ ಒಂದು ಚೀಟಿಯಲ್ಲಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಿಸಿ, ಹೆರಿಗೆ ದಾಖಲೆಯ ಜತೆಗೇ ಇಟ್ಟಿರಬೇಕು. ಯಾವ ಬೀಗದ ಕೈ ಆಕೆಗೆ ಸಲ್ಲುವುದು, ಯಾವುದು ಸಲ್ಲದು ಎಂದು ಡಾಕ್ಟರರು ತೀರ್ಮಾನಿಸುವುದು ಆ ಚೀಟಿಯನ್ನು ನೋಡಿಯೇ. ನೆರೆಯ ಕನ್ನಡ ಬಲ್ಲವರೊಬ್ಬರು ಜತೆಗೆ ಹೋದರೆ ಮತ್ತೂ ಒಳ್ಳೆಯದು. ಸಂಘವೆಂಬುದು ಇಂಥ ಹೊತ್ತಿಗಲ್ಲದೆ ಇನ್ನಾವುದಕ್ಕೆ?

ಮಗು ಹುಟ್ಟಿದ ಗಂಟೆಯೊಳಗೆ ಎದೆಗೆ ಹಾಕಬೇಕು. ಮಗು ಚೀಪಿದೊಡನೆ ತಾಯಿಯ ಮಿದುಳು ತಾನಾಗಿಯೇ ಆಕ್ಸಿಟೋಸಿನ್ನನ್ನು ಇಳಿಸುತ್ತದೆ. ಹಾಲೂ ಇಳಿಯುತ್ತದೆ, ಗರ್ಭಕೋಶವೂ ಬಿಗಿಯುತ್ತದೆ. ಮಗು ಹಾಲು ಕುಡಿಯುವಾಗ ಬಾಣಂತಿಗೆ ಹೊಟ್ಟೆ ಹಿಂಡಿದಂತೆ ನೋಯುವುದು ಇದರಿಂದಲೇ. ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ನೋವಿಲ್ಲದೆ ಹರಿಯುವ ರಕ್ತಕ್ಕೆ. ಬಟ್ಟೆ ಬೇಗ ಬೇಗ ತೊಯ್ಯುತ್ತಿದ್ದರೆ, ಬಾಣಂತಿಗೆ ಕಣ್ಣು ಕತ್ತಲಿಡುತ್ತಿದ್ದರೆ, ಕೈಕಾಲು ತಣ್ಣಗಾಗಿ ಬೆವರುತ್ತಿದ್ದರೆ, ಆಸ್ಪತ್ರೆಯಲ್ಲಿದ್ದರೆ ಕೂಗಿ ಕರೆಯಬೇಕು, ಮನೆಗೆ ಬಂದಿದ್ದರೆ ೧೦೮ಕ್ಕೆ ಫೋನು ಮಾಡಿ ಹೊರಡಬೇಕು. “ಹಸಿ ಬಾಣಂತಿಗೆ ಇದೆಲ್ಲ ಇದ್ದದ್ದೇ” ಎಂದು ಹೇಳಿ ಕೂರುವ ಹೊತ್ತಲ್ಲ ಅದು.

ಸೃಷ್ಟಿ ತಾಯಿಯ ಮೈಯಲ್ಲಿ ಬೀಗವನ್ನೂ ಇಟ್ಟಿದೆ, ಅದರ ಕೈಯನ್ನೂ ಇಟ್ಟಿದೆ. ಬಹುಪಾಲು ಹೆರಿಗೆಗಳಲ್ಲಿ ಅವೆರಡೂ ತಾವಾಗಿಯೇ ಸಂಧಿಸುತ್ತವೆ. ಸಂಧಿಸದ ಹೊತ್ತಿಗೆ ಒದಗಲೆಂದು ವಿದ್ವಾಂಸರು ನೂರು ವರ್ಷಗಳ ದುಡಿಮೆಯಿಂದ ಇನ್ನೊಂದು ಕೈಯನ್ನು ಎರೆದುಕೊಟ್ಟಿದ್ದಾರೆ. ಅದನ್ನು ತಿರುವುವ ಕೆಲಸ ತಿಳಿದವರಿಗೆ ಬಿಟ್ಟು, ತಿರುವಬೇಕಾದ ನಿಮಿಷಕ್ಕೆ ತಾಯಿಯನ್ನು ಅವರ ಬಳಿಗೆ ಮುಟ್ಟಿಸುವ ಹೊಣೆಯನ್ನು ನಾವು ಹೊತ್ತರೆ ಅಷ್ಟೇ ಸಾಕು.